ಊರುಗೋಲಿನ ಉಳಿ

ಕಾಲು ಮುರಿದದ್ದು ಅತ್ತೆಯದು, ತಲೆ ಕೆಟ್ಟದ್ದು ಸೊಸೆಯದು.

ಬಚ್ಚಲಲ್ಲಿ ಜಾರಿ ಬಿದ್ದ ಅತ್ತೆಯನ್ನು ಮೂಳೆ ಡಾಕ್ಟರ ಹತ್ತಿರ ಕರೆದೊಯ್ದಾಗ ಅವರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ನೋಡಿ, ಇಲ್ಲಿ ಬಿರುಕು" ಎಂದು ತೋರಿಸುತ್ತಿದ್ದರು. ಸೊಸೆಯ ಕಣ್ಣು ಮಾತ್ರ ಅವರ ಮೇಜಿನ ಮೇಲಿದ್ದ ಮರದ ಗಡಿಗೆಯನ್ನು ಬಿಟ್ಟು ಕದಲಲಿಲ್ಲ. ಕಿತ್ತಳೆಯಂತೆ ಗುಂಡನೆಯ ಹೊಟ್ಟೆ, ಎರಡು ಬೆರಳು ಹೋಗುವಷ್ಟೇ ಬಾಯಿ. ಎತ್ತಿ ನೋಡಿದರೆ ಹಕ್ಕಿಗೂಡಿನಷ್ಟು ಹಗುರ. ಬೆರಳು ತೂರಿಸಿ ಒಳಗೆ ಸವರಿದಳು. ಒಳಗೂ ಅಷ್ಟೇ ಗುಂಡಗಿತ್ತು. ಎಲ್ಲೂ ಅಂಟಿನ ಗೆರೆ ಇರಲಿಲ್ಲ.

"ಡಾಕ್ಟ್ರೇ, ಇದರ ಒಳಗಿದ್ದ ಮರ ಎಲ್ಲಿಂದ ಆಚೆ ಬಂತು?"

"ಮೊದ್ಲು ನಿಮ್ಮತ್ತೆ ಕಾಲು ನೋಡೋಣ್ವಾ ಅಮ್ಮ?" ಎಂದರು ಡಾಕ್ಟರು.

"ಬಿಡಿ ಡಾಕ್ಟ್ರೇ, ನನ್ನ ಮೂಳೆ ಎಲ್ಲಿಗೂ ಓಡಿಹೋಗಲ್ಲ" ಎಂದರು ಅತ್ತೆ ಹಲ್ಲು ಕಚ್ಚಿಕೊಂಡು. "ಅದನ್ನ ಹೇಳೋ ತನಕ ಇವಳು ಇಲ್ಲಿಂದ ಏಳಲ್ಲ."

"ಬಾಯಿಂದಲೇ ಬಂತಂತೆ. ಲೇತಲ್ಲಿ ಮಾಡಿದ್ದಂತೆ. ನಂಗೂ ಅಷ್ಟೇ ಗೊತ್ತು" ಎಂದರು ಡಾಕ್ಟರು.

ಅವಳನ್ನು ಮನೆಯಲ್ಲಿ ಬುಗುರಿ ಎಂದು ಕರೆಯುತ್ತಿದ್ದರು. ಮಾವ ಇಟ್ಟ ಹೆಸರು ಅದು. ಒಂದು ಕಡೆ ನಿಂತರೆ ಬಿದ್ದೇ ಹೋಗುತ್ತಾಳೇನೋ ಎನ್ನುವ ಹಾಗೆ ಬೆಳಗಿನಿಂದ ಸಂಜೆಯವರೆಗೆ ಸುತ್ತುತ್ತಲೇ ಇರುವ ಹೆಣ್ಣು. ಹಿತ್ತಲ ತಗಡಿನ ಶೆಡ್ಡಿನಲ್ಲಿದ್ದ, ಮರವನ್ನು ತಿರುಗಿಸಿ ಕಡೆಯುವ ಲೇತು ಮಾವನದು. ಅವರ ಕೈ ನಡುಗಲು ಶುರುವಾದ ಮೇಲೆ, ಎರಡು ಗಂಡುಮಕ್ಕಳೂ ಅತ್ತ ತಿರುಗಿ ನೋಡದಿದ್ದಾಗ, ಉಳಿ ಹಿಡಿದವಳು ಸೊಸೆ. ಮಾವ ಹೋಗಿ ಮೂರು ವರ್ಷವಾಗಿತ್ತು. ಅವಳ ಗಂಡ ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ದಾರಿಯ ಮೇಲೆಯೇ ಇರುತ್ತಿದ್ದ. ಮಗಳು ಶಾಲೆಗೆ ಹೋದ ಮೇಲೆ ಬುಗುರಿ ಲೇತಿನ ಮುಂದೆ ನಿಂತು ಸ್ಟೂಲಿನ ಕಾಲು, ಲಟ್ಟಣಿಗೆ, ಪರದೆ ಕೋಲಿನ ಗುಂಡು ಕಡೆಯುತ್ತಿದ್ದಳು. ಎಲ್ಲವೂ ಹೊರಮೈಯ ಕೆಲಸ. ಮರದ ಒಳಗೆ ಹೋಗುವ ಕೆಲಸ ಮಾವನೂ ಹೆಚ್ಚು ಮಾಡಿದವರಲ್ಲ. ಅಗಲ ಬಾಯಿಯ ನಾಲ್ಕು ಬಟ್ಟಲು ಕಡೆದು ಸುಮ್ಮನಾಗಿದ್ದರು.

ಮೂರು ತಿಂಗಳಲ್ಲಿ ಅತ್ತೆಯ ಮೂಳೆ ಕೂಡಿತು. "ಕೋಲು ಬಿಡಿ, ನಡೀರಿ" ಎಂದರು ಡಾಕ್ಟರು. ಆದರೆ ಬಿದ್ದ ಭಯ ಮೂಳೆಯ ಹಾಗೆ ಬೇಗ ಕೂಡುವಂಥದ್ದಲ್ಲ. ಜೊತೆಗೆ ಆ ಕೋಲು ಬಂದ ಮೇಲೆ ಅತ್ತೆಯ ಕಾರುಬಾರೂ ಹೆಚ್ಚಾಗಿತ್ತು. ಎರಡು ಕಡ್ಡಿ, ನಡುವೆ ಹಿಡಿ, ಮೇಲೆ ಕಂಕುಳಿಗೆ ಮೆತ್ತೆ, ಕೆಳಗೆ ರಬ್ಬರಿನ ಪಾದ ಇದ್ದ ಆ ಮರದ ಊರುಗೋಲಿನಿಂದ ಅವರು ಕೂತಲ್ಲಿಂದಲೇ ಫ್ಯಾನು ಹಾಕುತ್ತಿದ್ದರು, ಬೆಕ್ಕನ್ನು ಓಡಿಸುತ್ತಿದ್ದರು, ಟಿವಿಯ ಗುಂಡಿ ಒತ್ತುತ್ತಿದ್ದರು, ಸೊಸೆ ಗುಡಿಸಿದ ನೆಲದಲ್ಲಿ ಉಳಿದ ಕಸವನ್ನು ಟಕ್ ಟಕ್ ಎಂದು ತೋರಿಸುತ್ತಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಅತ್ತೆಗೆ ಮೂರು ಕಾಲಾಗಿತ್ತು, ಅಷ್ಟೇ.

ಆ ಹೊತ್ತಿಗೇ ಮೈದುನ ಕಾರು ತಂದ. ಹಳೆಯದಾದರೂ ಅವನಿಗೆ ಹೊಸದು. ಬೀದಿಯ ಮರದ ಕೆಳಗೆ ನಿಲ್ಲಿಸಿದ. ಬೆಳಗಾಗುವಷ್ಟರಲ್ಲಿ ಹಕ್ಕಿಗಳು ಅದಕ್ಕೆ ಸುಣ್ಣ ಬಳಿದಿದ್ದವು. ಬಕೆಟ್ಟು ಹಿಡಿದು ತೊಳೆಯುತ್ತ ಅವನ ಕಣ್ಣು ಹಿತ್ತಲ ಶೆಡ್ಡಿನ ಮೇಲೆ ಬಿತ್ತು.

"ಅಮ್ಮ, ಆ ಲೇತನ್ನ ಗುಜರಿಗೆ ಹಾಕಿ ಶೆಡ್ಡು ಖಾಲಿ ಮಾಡೋಣ. ಲಟ್ಟಣಿಗೆ ಅಂಗಡೀಲಿ ರಾಶಿ ಬಿದ್ದಿದೆ. ಅತ್ತಿಗೆ ಮಾಡೋದನ್ನ ಮಷೀನು ನಿಮಿಷಕ್ಕೆ ಹತ್ತು ಮಾಡುತ್ತೆ."

ಬುಗುರಿಯ ಬಾಯಿ ಸುಮ್ಮನಿರಲಿಲ್ಲ. "ಮಷೀನು ಮಾಡದೇ ಇರೋದನ್ನ ಮಾಡಿದ್ರೆ?" ಎಂದು ಡಾಕ್ಟರ ಮೇಜಿನ ಗಡಿಗೆಯ ಕಥೆ ಹೇಳಿದಳು.

ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. "ಎರಡು ಹೋಳು ಮಾಡಿ ಅಂಟಿಸಿರ್ತಾರೆ ಅತ್ತಿಗೆ! ನಿಮ್ಮ ಕಿವಿಗೆ ಹೂ ಇಟ್ಟಿದ್ದಾರೆ."

"ಅಂಟಿಲ್ಲ. ನಾನು ಮಾಡಿ ತೋರಿಸ್ತೀನಿ."

ಟಕ್! ಅತ್ತೆಯ ಊರುಗೋಲು ನೆಲಕ್ಕೆ ಬಿತ್ತು. ಮನೆ ಅವರ ಹೆಸರಿನಲ್ಲಿತ್ತು. ತೀರ್ಪೂ ಅವರದೇ.

"ಇಬ್ಬರೂ ಕೇಳಿ. ಬರೋ ಭಾನುವಾರ ಸಂಜೆ ನಾಲ್ಕು ಗಂಟೆ. ಬಾಯಲ್ಲಿ ಎರಡು ಬೆರಳು ಹೋಗ್ಬೇಕು, ಮೂರನೇದು ಹೋಗಬಾರ್ದು. ಹೊಟ್ಟೇಲಿ ಮೂರು ಲೋಟ ಸಕ್ಕರೆ ಹಿಡಿಸ್ಬೇಕು. ಹಾಗಾದ್ರೆ ಶೆಡ್ಡು ಬುಗುರೀದು, ಇನ್ಯಾವತ್ತೂ ಯಾರೂ ಕೇಳಂಗಿಲ್ಲ. ಇಲ್ದಿದ್ರೆ ಸೋಮವಾರ ಬೋಲ್ಟು ಬಿಚ್ಚಿ."

"ಒಳಗೆ ಕೊರೆಯೋದನ್ನ ನನ್ನ ಕಣ್ಣೆದುರಿಗೇ ಮಾಡ್ಬೇಕು" ಎಂದ ಮೈದುನ. "ಮೊಬೈಲಲ್ಲಿ ವಿಡಿಯೋ ಹಿಡೀತೀನಿ. ಅಂಟಿನ ಆಟ ನಡೆಯಲ್ಲ."

ಆಗಲಿ ಎಂದು ಹೇಳಿದ್ದೇನೋ ಸುಲಭ. ಆದರೆ ಶೆಡ್ಡಿನಲ್ಲಿದ್ದ ಹನ್ನೊಂದು ಉಳಿಗಳಲ್ಲಿ ಒಂದಕ್ಕೂ ಮೂಲೆ ತಿರುಗಿ ಹೋಗುವ ವಿದ್ಯೆ ಗೊತ್ತಿರಲಿಲ್ಲ. ಎಲ್ಲವೂ ಮೂಗಿನ ನೇರಕ್ಕೆ ನಡೆಯುವ ಜಾತಿ. ಅಂಗಡಿಯಲ್ಲಿ ಕೇಳಿದರೆ ಅಂಥ ಉಳಿಯನ್ನು ತರಿಸಲು ತಿಂಗಳು ಬೇಕೆಂದರು. ಹಾಗಾದರೆ ಮಾಡಿಕೊಳ್ಳುವುದೇ ಸೈ ಎಂದು ಬುಗುರಿ ಸೆರಗು ಸಿಕ್ಕಿಸಿದಳು.

ಸ್ಕೂಟರ್ ಮೆಕ್ಯಾನಿಕ್ಕಿನ ಬುಟ್ಟಿಯಲ್ಲಿ ಬಿಸಾಡಿದ ಶಾಕ್ ಅಬ್ಸಾರ್ಬರಿನ ಸರಳು ಸಿಕ್ಕಿತು. ಬೆರಳು ದಪ್ಪ, ಕಲ್ಲಿನಂಥ ಉಕ್ಕು. ಪಕ್ಕದ ಬೀದಿಯ ವೆಲ್ಡಿಂಗಿನವನು ಅದರ ತುದಿಯಲ್ಲಿ ಸಣ್ಣ ತೂತು ಕೊರೆದುಕೊಟ್ಟ. ಮೊಂಡಾದ ಡ್ರಿಲ್ ಬಿಟ್ಟಿನ ಒಂದು ತುಂಡನ್ನು ಸಾಣೆ ಹಿಡಿದು, ಹಲ್ಲಿನ ಹಾಗೆ ಆ ತೂತಿಗೆ ಕೂರಿಸಿ, ಪಕ್ಕದಿಂದ ಸಣ್ಣ ಸ್ಕ್ರೂ ಬಿಗಿದಳು. ಗಡಿಗೆಯ ಭುಜದ ಒಳಗೆ ತಲುಪಬೇಕಲ್ಲ, ಅದಕ್ಕೆ ಸರಳನ್ನು ಕೆಂಪಗೆ ಕಾಯಿಸಿ ಕುಡುಗೋಲಿನಂತೆ ಬಗ್ಗಿಸಲು ಹೇಳಿದಳು.

"ಇದೇನಕ್ಕ, ಮರ ಕೊರೆಯೋಕಾ, ಕಿವಿ ಗುಗ್ಗೆ ತೆಗೆಯೋಕಾ?" ಎಂದ ವೆಲ್ಡಿಂಗಿನವನು.

"ನಿನ್ನ ಕಿವೀಲಿ ಮೊದ್ಲು ಪರೀಕ್ಷೆ ಮಾಡಿ ಹೇಳ್ತೀನಿ, ತಲೆ ಬಗ್ಸು" ಎಂದಳು ಬುಗುರಿ.

ರಸ್ತೆ ಅಗಲ ಮಾಡಲು ಕಡಿದಿದ್ದ ಮರದ ಎರಡು ಹಸಿ ದಿಮ್ಮಿಗಳು ಅವಳ ಹತ್ತಿರವಿದ್ದವು. ಮರದ ಹೆಸರು ಗೊತ್ತಿರಲಿಲ್ಲ, ಉಳಿಗೆ ಬೆಣ್ಣೆಯ ಹಾಗೆ ಒಲಿಯುತ್ತಿತ್ತು. ಬುಧವಾರ ಒಂದನ್ನು ಹೊರಗೆ ಗುಂಡಗೆ ಕಡೆದು, ನಡುವೆ ಡ್ರಿಲ್ಲಿನಿಂದ ಬಾಯಿ ತೆಗೆದು, ಹೊಸ ಉಳಿಯನ್ನು ಒಳಗೆ ಬಿಟ್ಟಳು. ನೇರಕ್ಕೆ ಹೋಗುವ ತನಕ ಎಲ್ಲವೂ ಸುಸೂತ್ರ. ಪಕ್ಕಕ್ಕೆ ತಿರುಗಿಸಿದ್ದೇ ತಡ, ಮರ ಆ ಹಲ್ಲನ್ನು ಕಚ್ಚಿ ಹಿಡಿಯಿತು. ಸರಳು ಅವಳ ಮುಷ್ಟಿಯಲ್ಲಿ ಗಿರ್ರನೆ ಹೊರಳಿ ಮಣಿಕಟ್ಟಿಗೆ ಬಡಿಯಿತು. ಗಡಿಗೆಯ ಕತ್ತು ಮುರಿದು ಹಾರಿ ತಗಡಿನ ಗೋಡೆಗೆ ಢಣಾರನೆ ಬಿತ್ತು.

"ಗುಂಡು ಹಾರಿಸ್ತಿದ್ದೀಯೇನೇ?" ಒಳಗಿನಿಂದ ಅತ್ತೆಯ ದನಿ.

"ಇಲ್ಲ ಅತ್ತೆ, ಹೊಡೆಸ್ಕೊಂಡೆ!"

ಕುಣಿಯಲಾರದವಳಿಗೆ ನೆಲ ಡೊಂಕು ಎಂದಾರು ಎಂದು ಅವಳು ಉಳಿಯನ್ನು ಬಯ್ಯಲಿಲ್ಲ. ಮಣಿಕಟ್ಟಿಗೆ ತಣ್ಣೀರು ಬಟ್ಟೆ ಸುತ್ತಿಕೊಂಡು ಯೋಚಿಸಿದಳು. ಉತ್ತರ ಸಿಕ್ಕಿದ್ದು ಗುರುವಾರ ನೀರು ತರುವಾಗ. ಬಕೆಟ್ಟಿನ ಹಿಡಿಯ ಒಂದು ಕಿವಿ ಕಳಚಿತು, ತುಂಬಿದ ಬಕೆಟ್ಟು ವಾಲಿ ಕಾಲ ಮೇಲೆಲ್ಲ ನೀರು. ಎರಡೂ ಕಿವಿ ಇದ್ದಾಗ ಹಿಡಿ ಹೊರಗಿಂದ ಬಳಸಿ ಬಂದರೂ ಕೈ ನಿಲ್ಲುವುದು ನಟ್ಟನಡುವೆ. ಹಾಗಾಗಿ ಎಷ್ಟೇ ಭಾರವಿದ್ದರೂ ಹೊರಳುವುದಿಲ್ಲ. ಭಾರ ಕೈಯ ನೇರಕ್ಕಿಲ್ಲದಿದ್ದರೆ ಮಾತ್ರ ಈ ಗತಿ. ಅವಳ ಉಳಿಯೂ ಹಾಗೇ. ಕುಡುಗೋಲಿನ ಹಾಗೆ ಪಕ್ಕಕ್ಕೆ ಹೋದದ್ದು ಪಕ್ಕದಲ್ಲೇ ಉಳಿದುಬಿಟ್ಟಿತ್ತು. ಒಮ್ಮೆ ಆಚೆ ಹೋಗಿ ಮತ್ತೆ ಈಚೆ ಬರಬೇಕು, ಹಲ್ಲು ಹಿಡಿಯ ನೇರಕ್ಕೇ ಬಂದು ನಿಲ್ಲಬೇಕು. ಒದ್ದೆ ಕಾಲಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದಳು. ಬಾತುಕೋಳಿಯ ಕುತ್ತಿಗೆ ಬಂತು.

"ನಿನ್ನೆ ಕಿವಿ ಗುಗ್ಗೆ, ಇವತ್ತು ಬಾತುಕೋಳಿ" ಎಂದ ವೆಲ್ಡಿಂಗಿನವನು ಸರಳನ್ನು ಮತ್ತೆ ಕುಲುಮೆಗಿಡುತ್ತ. "ನಾಳೆ ಮೊಟ್ಟೆ ಇಡುತ್ತೆ ಬಿಡಕ್ಕ."

ಶುಕ್ರವಾರ ಹಲಗೆಯ ತುಂಡಿನ ಮೇಲೆ ಪರೀಕ್ಷೆ. ಉಳಿ ಹೊರಳಲಿಲ್ಲ. ಆದರೆ ಕೈ ನಿಲ್ಲಲಿಲ್ಲ. ಹಿಡಿಗೆಂದು ಹಾಕಿದ್ದ ನೀರಿನ ಪೈಪಿಗೆ ಮರಳು ತುಂಬಿ ಭಾರ ಮಾಡಿದಳು, ಅದುರುವುದು ಕಡಿಮೆಯಾಯಿತು. ಆದರೂ ತುದಿ ಮರವನ್ನು ಮುಟ್ಟಿದಾಗಲೆಲ್ಲ ಹಿಡಿಯ ಹಿಂಬದಿ ಕತ್ತೆಯ ಹಾಗೆ ಮೇಲಕ್ಕೆ ಒದೆಯುತ್ತಿತ್ತು. ಎರಡು ಕೈ ಸಾಲದು. ಹಿಂಬದಿಯನ್ನು ಅದುಮಿಡಲು ಮೂರನೆಯದೊಂದು ಬೇಕು. ಮೊಣಕೈಯೋ, ಕಂಕುಳೋ...

ಬುಗುರಿ ನಿಧಾನವಾಗಿ ತಲೆ ತಿರುಗಿಸಿ ಮನೆಯ ಕಡೆ ನೋಡಿದಳು. ಹಿತ್ತಲ ಜಗಲಿಯಲ್ಲಿ ಕುರ್ಚಿಯ ಮೇಲೆ ಅತ್ತೆ. ಅತ್ತೆಯ ಪಕ್ಕದಲ್ಲಿ ಊರುಗೋಲು.

ಇಲ್ಲೊಂದು ಗುಟ್ಟು ಹೇಳಬೇಕು. ಲೇತಿನ ಕೆಲಸದವರು ಅರ್ಧ ಕೆಲಸವನ್ನು ಕಿವಿಯಿಂದ ಮಾಡುತ್ತಾರೆ. ಮರ ದಪ್ಪವೋ ತೆಳುವೋ, ಗಂಟು ಬಂತೋ ಬಿರುಕು ಬಂತೋ, ಎಲ್ಲವೂ ಸದ್ದಿನಲ್ಲೇ. ಹಾಗಾಗಿ ಬುಗುರಿಯ ಕಿವಿಗೆ ಒಂದು ವಿಷಯ ಎಂದೋ ಬಿದ್ದಿತ್ತು. ದಿನಾ ಮಧ್ಯಾಹ್ನ ಮೂರು ಗಂಟೆಗೆ ಮನೆಯೊಳಗೆ ಸಕ್ಕರೆ ಡಬ್ಬಿಯ ಮುಚ್ಚಳ 'ಡಬ್' ಎನ್ನುತ್ತಿತ್ತು. ಆ ಸದ್ದಿಗೆ ಮೊದಲು ಊರುಗೋಲಿನ ಟಕ್ ಟಕ್ ಇರುತ್ತಿರಲಿಲ್ಲ. ಬರಿಗಾಲಿನ ಮೆಲ್ಲನೆಯ ಸಪ್ಪಳವಷ್ಟೇ ಇರುತ್ತಿತ್ತು.

ಯಾರಿಗೂ ಅವಳು ಹೇಳಿರಲಿಲ್ಲ. ಹೇಳಿದರೆ ಅತ್ತೆಗೆ ನಾಚಿಕೆ, ನಾಚಿಕೆಯಾದರೆ ನಡಿಗೆ ನಿಲ್ಲುತ್ತದೆ. ಅದರ ಬದಲು ಅವಳು ಅತ್ತೆ ಹೆಚ್ಚು ತಿನ್ನದಂತೆ ಡಬ್ಬಿಯಲ್ಲಿ ನಾಲ್ಕೇ ಚಮಚ ಸಕ್ಕರೆ ಬಿಟ್ಟು, ವಾರಕ್ಕೊಮ್ಮೆ ಡಬ್ಬಿಯನ್ನು ಎರಡು ಹೆಜ್ಜೆ ದೂರ ಸರಿಸುತ್ತಿದ್ದಳು.

"ಅತ್ತೆ, ನಿಮ್ಮ ಕೋಲು ಭಾನುವಾರ ಎರಡು ಗಂಟೆ ಹೊತ್ತು ಕೊಡ್ತೀರಾ?"

"ಏನು? ಕೋಲಾ?" ಅತ್ತೆ ಅದನ್ನು ಎದೆಗವಚಿಕೊಂಡರು. "ಅಲ್ಲ ಕಣೇ, ನನ್ನ ಕಾಲು ಕಿತ್ಕೊಂಡು ಮಡಕೆ ಮಾಡ್ತೀಯಾ? ನಾನು ಬಿದ್ದು ಸೊಂಟ ಮುರ್ಕೊಂಡ್ರೆ?"

"ನೀವು ಕುರ್ಚೀಲೇ ಇರಿ. ಬೇಕಾದ್ದು ನಾನು ಕೈಗೇ ತಂದುಕೊಡ್ತೀನಿ."

ಅವಳು ಬಗ್ಗಿ ಊರುಗೋಲಿನ ರಬ್ಬರು ಪಾದವನ್ನು ನೋಡಿದಳು. ಅಂಗಡಿಯಿಂದ ತಂದ ದಿನದ ಗೆರೆಗಳು ಹಾಗೇ ಇದ್ದವು, ಸವೆದೇ ಇರಲಿಲ್ಲ. ಅವಳು ನೋಡಿದ್ದನ್ನು ಅತ್ತೆ ನೋಡಿದರು. ಇಬ್ಬರೂ ಸ್ವಲ್ಪ ಹೊತ್ತು ಬೆಕ್ಕನ್ನು ನೋಡಿದರು.

"ಗೀಚಿದ್ರೆ ನೋಡು" ಎಂದರು ಅತ್ತೆ ಕಡೆಗೆ. "ನಿಮ್ಮ ಮಾವ ಇದ್ದಿದ್ರೆ ನನ್ನ ಕೋಲಿಗೆ ಕೈ ಹಾಕೋ ಧೈರ್ಯ ಮಾಡ್ತಿರ್ಲಿಲ್ಲ."

"ಮಾವ ಇದ್ದಿದ್ರೆ ಲೇತಿಗೆ ಕೈ ಹಾಕೋ ಧೈರ್ಯನೂ ಯಾರೂ ಮಾಡ್ತಿರ್ಲಿಲ್ಲ ಅತ್ತೆ."

ಅತ್ತೆ ಶೆಡ್ಡಿನ ಕಡೆ ತಿರುಗಿದರು. ನಲವತ್ತು ವರ್ಷ ಅವರು ಅಡುಗೆಮನೆಯಲ್ಲಿ ನಿಂತು ಆ ಲೇತಿನ ಸದ್ದು ಕೇಳಿದವರು. ಸದ್ದು ದಪ್ಪವಿದ್ದರೆ ಇನ್ನೂ ಕೆಲಸವಿದೆ, ತೆಳ್ಳಗಾಗಿ ಮೇಲಕ್ಕೆ ಏರಿದರೆ ಮುಗಿಯುತ್ತಾ ಬಂತು, ತಟ್ಟೆ ಹಾಕಬಹುದು. ಗಂಡನನ್ನು ಊಟಕ್ಕೆ ಒಂದು ದಿನವೂ ಕೂಗಿ ಕರೆದವರಲ್ಲ.

ಭಾನುವಾರ ಬುಗುರಿ ಊರುಗೋಲಿನ ಎರಡು ಕಡ್ಡಿಗಳ ನಡುವೆ ಪೈಪನ್ನು ತೂರಿಸಿ ಬಿಗಿದಳು. ಬಿಗಿಯಲು ಬೇಕಾದ ಕ್ಲಿಪ್ಪುಗಳನ್ನು ಮೈದುನನ ಕಾರಿನ ಡಬ್ಬಿಯಿಂದಲೇ ಕೇಳಿ ತಂದಿದ್ದಳು. ರೇಡಿಯೇಟರ್ ಪೈಪಿಗೆ ಹಾಕುವ ಕ್ಲಿಪ್ಪು ಅವು.

"ಏನಕ್ಕೆ ಅತ್ತಿಗೆ?" ಎಂದು ಕೇಳಿ ಕೊಟ್ಟವನು, ಈಗ ನೋಡಿ ಬಾಯಿ ಬಿಟ್ಟ. "ನನ್ನ ಕ್ಲಿಪ್ಪಿಂದಲೇ ನನ್ನ ಶೆಡ್ಡಿಗೆ ಕೊಕ್ಕೆ ಹಾಕ್ತೀರಾ!"

ಕಂಕುಳ ಮೆತ್ತೆಯನ್ನು ತೋಳಿನ ಕೆಳಗೆ ಅದುಮಿ, ಎಡಗೈಯಲ್ಲಿ ನಡುವಿನ ಹಿಡಿಯನ್ನೂ ಬಲಗೈಯಲ್ಲಿ ಪೈಪನ್ನೂ ಹಿಡಿದು ನಿಂತಾಗ ಅವಳು ಅರ್ಧ ಬಡಗಿ ಅರ್ಧ ಸಿಪಾಯಿಯಂತೆ ಕಾಣುತ್ತಿದ್ದಳು. ತುದಿಯಲ್ಲಿ ಬಾತುಕೋಳಿಯ ಕುತ್ತಿಗೆ, ಹಿಂದೆ ಅತ್ತೆಯ ಕಾಲು. ತಮಾಷೆ ನೋಡಲು ವೆಲ್ಡಿಂಗಿನವನೂ ಬಂದಿದ್ದ. ಮೈದುನ ಮೊಬೈಲು ಹಿಡಿದು ನಿಂತ. ಅತ್ತೆ ಹಿತ್ತಲ ಅಂಗಳದಾಚೆ ಜಗಲಿಯ ಕುರ್ಚಿಯಲ್ಲಿ, ಪಕ್ಕದಲ್ಲಿ ಸಕ್ಕರೆಯ ಪೊಟ್ಟಣ ಮತ್ತು ಲೋಟ ಇಟ್ಟುಕೊಂಡು ನ್ಯಾಯಾಧೀಶರ ಹಾಗೆ ಕೂತಿದ್ದರು.

ಉಳಿದಿದ್ದ ಒಂದೇ ದಿಮ್ಮಿ ಲೇತಿನಲ್ಲಿ ತಿರುಗತೊಡಗಿತು. ಉಳಿ ಬಾಯೊಳಗೆ ಹೋಯಿತು, ಪಕ್ಕಕ್ಕೆ ತಿರುಗಿತು, ಕಚ್ಚಿತು. ಈ ಸಲ ಕತ್ತೆ ಒದೆಯಲಿಲ್ಲ. ಕಂಕುಳು ಅದನ್ನು ಅದುಮಿ ಹಿಡಿದಿತ್ತು. ಹಸಿ ಮರದ ಸಿಪ್ಪೆ ಬಾಯಿಂದ ಉದ್ದುದ್ದ ಎಳೆಯಾಗಿ ಉಕ್ಕಿ ಬಂದು ಮೈದುನನ ಮೊಬೈಲಿನ ಮೇಲೆ ಜೋತುಬಿತ್ತು.

"ನಿನ್ನ ಬಾತುಕೋಳಿ ಮೊಟ್ಟೆ ಅಲ್ಲಕ್ಕ, ಶ್ಯಾವಿಗೆ ಇಡ್ತಿದೆ!" ಎಂದು ವೆಲ್ಡಿಂಗಿನವನು ಕೂಗಿದ.

ಹತ್ತು ನಿಮಿಷಕ್ಕೊಮ್ಮೆ ಅವಳು ಲೇತು ನಿಲ್ಲಿಸಿ, ಒಳಗಿನ ಸಿಪ್ಪೆಯನ್ನೆಲ್ಲ ಕಡ್ಡಿಯಿಂದ ಕೆದಕಿ ತೆಗೆದು, ಬಗ್ಗಿಸಿದ ತಂತಿಯಿಂದ ಗೋಡೆಯ ದಪ್ಪ ನೋಡುತ್ತಿದ್ದಳು. ಮೂರು ಸಲ ಹಾಗೆ ಮಾಡಿದಳು. ಅಷ್ಟರಲ್ಲಿ ಮೂರೂವರೆಯಾಯಿತು, ಮೂರೂ ಮುಕ್ಕಾಲಾಯಿತು.

"ಅತ್ತಿಗೆ, ಇನ್ನು ಹನ್ನೆರಡೇ ನಿಮಿಷ. ಹನ್ನೊಂದು..." ಮೈದುನ ಶಾಲೆಯ ಗಂಟೆಯ ಹಾಗೆ ಬಡಿಯತೊಡಗಿದ.

ನಾಲ್ಕನೆಯ ಸಲ ಅವಳು ಅವಸರಕ್ಕೆ ಬಿದ್ದಳು. ಲೇತು ನಿಲ್ಲಿಸಿದಳು, ಬಾಯೊಳಗೆ ಟಾರ್ಚು ಬಿಟ್ಟು ನೋಡಿದಳು. ನಡುವೆಲ್ಲ ಖಾಲಿ, ಸುತ್ತ ಮರದ ಗೋಡೆ. ಸಿಪ್ಪೆಯಿಲ್ಲವೆಂದು ಕೆದಕದೆ ಬಿಟ್ಟಳು. ಆದರೆ ಹಸಿ ಸಿಪ್ಪೆ ತಿರುಗುವ ರಭಸಕ್ಕೆ ಒಳಗೋಡೆಗೆ ಮೆತ್ತಿಕೊಂಡು ತಾನೇ ಗೋಡೆಯ ಹಾಗೆ ಕೂತಿತ್ತು. ತಂತಿ ಅದನ್ನೇ ಮುಟ್ಟಿ ದಪ್ಪವೆಂದಿತು. ಬೆರಳಲ್ಲಿ ತಟ್ಟಿದರೆ 'ದಬ್' ಎಂದಿತು.

'ಇನ್ನೂ ಎಷ್ಟು ದಪ್ಪ ಇದೆ! ಮೂರು ಲೋಟ ಎಲ್ಲಿ ಹಿಡಿಸೀತು?' ಎಂದುಕೊಂಡು ಬುಗುರಿ ಮತ್ತೆ ಲೇತು ಹಾಕಿ ಹೊಟ್ಟೆಯ ಕಡೆಗೆ ಉಳಿಯನ್ನು ಒತ್ತಿದಳು.

ಜಗಲಿಯಲ್ಲಿ ಅತ್ತೆಯ ಕಿವಿ ನಿಮಿರಿತು. ಮೈದುನನ ಎಣಿಕೆಗೆ ಕಿವಿಗೊಟ್ಟ ಬುಗುರಿಗೆ ತಿಳಿಯಲಿಲ್ಲ, ಸದ್ದು ತೆಳ್ಳಗಾಗಿತ್ತು. ಮೇಲಕ್ಕೆ ಏರಿತು. ತಟ್ಟೆ ಹಾಕುವ ಸದ್ದನ್ನೂ ದಾಟಿ, ಅವರು ನಲವತ್ತು ವರ್ಷದಲ್ಲಿ ನಾಲ್ಕೈದು ಸಲ ಮಾತ್ರ ಕೇಳಿದ್ದ ಸದ್ದಿಗೆ ಹತ್ತಿರವಾಯಿತು. ಆ ಸದ್ದು ಬಂದು ಮರ ಒಡೆದ ದಿನಗಳಲ್ಲಿ ಗಂಡ ಊಟಕ್ಕೆ ಬಂದರೂ ಮಾತಾಡುತ್ತಿರಲಿಲ್ಲ.

"ನಿಲ್ಸೇ! ಏ ಬುಗುರಿ, ನಿಲ್ಸು!"

ಲೇತಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅತ್ತೆಯ ಕೈ ಪಕ್ಕಕ್ಕೆ ಹೋಗಿ ಗಾಳಿಯನ್ನು ಹಿಡಿಯಿತು. ಕೋಲಿರಲಿಲ್ಲ. ಕೋಲು ಅಲ್ಲಿ, ಆ ಉಳಿಯ ಹಿಂದೆ, ಸೊಸೆಯ ಕಂಕುಳಲ್ಲಿತ್ತು.

ಮೈದುನನ ಮೊಬೈಲಿನಲ್ಲಿ ಇವತ್ತಿಗೂ ಆ ವಿಡಿಯೋ ಇದೆ. ಲೇತು, ಸಿಪ್ಪೆ, ಅತ್ತಿಗೆಯ ಬೆವರಿದ ಮುಖ. ಆಮೇಲೆ ಎಡಗಡೆಯಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹದಿನೈದು ಹೆಜ್ಜೆಯ ಅಂಗಳವನ್ನು ದಡದಡನೆ ದಾಟಿ ಬಂದ ಅವನ ತಾಯಿ, ವೆಲ್ಡಿಂಗಿನವನನ್ನು ಪಕ್ಕಕ್ಕೆ ನೂಕಿ, ಗೋಡೆಯ ಸ್ವಿಚ್ಚನ್ನು ಫಟ್ಟನೆ ಕೆಳಗೆ ಹಾಕುತ್ತಾರೆ.

ಲೇತು ನಿಂತಿತು.

"ಒಳಗಿನ ಸಿಪ್ಪೆ ತೆಗ್ದು ತಟ್ಟು" ಎಂದರು ಅತ್ತೆ ಏದುಸಿರು ಬಿಡುತ್ತ. "ಹೊಟ್ಟೆ ತುಂಬಿದವರ ಮಾತು ನಂಬ್ತಾರೇನೇ? ಖಾಲಿ ಹೊಟ್ಟೇಲಿ ಕೇಳು, ನಿಜ ಹೇಳುತ್ತೆ."

ಬುಗುರಿ ಕಡ್ಡಿ ಹಾಕಿ ಕೆದಕಿದಳು. ಒಂದು ಮುಷ್ಟಿ, ಎರಡು ಮುಷ್ಟಿ, ಮೂರು ಮುಷ್ಟಿ ಸಿಪ್ಪೆ ಬಂತು. ಬೆರಳಿನಿಂದ ತಟ್ಟಿದಳು.

'ಟಿಣ್.'

ಟಾರ್ಚನ್ನು ಒಳಗಿಳಿಸಿದರೆ ಗಡಿಗೆಯ ಹೊಟ್ಟೆ ಮಾಗಿದ ಹಣ್ಣಿನಂತೆ ಕೆಂಪಗೆ ಹೊಳೆಯಿತು. ಬೆಳಕು ಮರದ ಮೂಲಕವೇ ಹಾದು ಬರುತ್ತಿತ್ತು. ಇನ್ನೊಮ್ಮೆ ಉಳಿ ಮುಟ್ಟಿದ್ದರೆ ತೂತು ಬೀಳುತ್ತಿತ್ತು, ಶೆಡ್ಡು, ಲೇತು ಎಲ್ಲವೂ ಅದರ ಮೂಲಕವೇ ಹೋಗುತ್ತಿದ್ದವು. ಬುಗುರಿ ಟಾರ್ಚು ಆರಿಸಿದಳು.

ಅತ್ತೆಯೇ ಎರಡು ಬೆರಳು ಹಾಕಿ ನೋಡಿದರು, ಹೋಯಿತು. ಮೂರನೆಯದನ್ನು ಮೈದುನ ಎಷ್ಟು ತುರುಕಿದರೂ ಹೋಗಲಿಲ್ಲ. ಲೇತಿನಿಂದ ಬಿಡಿಸಿ, ಕಾಗದದ ಕೊಳವೆ ಇಟ್ಟು ಸಕ್ಕರೆ ಸುರಿದರು. ಒಂದು ಲೋಟ. ಎರಡು. ಮೂರು. ಅದರ ಮೇಲೆ ಮತ್ತೂ ಅರ್ಧ ಲೋಟ ಹಿಡಿಸಿತು.

"ಸೋತೆ ಅತ್ತಿಗೆ" ಎಂದ ಮೈದುನ, ಗಡಿಗೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತ. ಅಂಟಿನ ಗೆರೆಗಾಗಿ ಅವನಿನ್ನೂ ಹುಡುಕುತ್ತಿದ್ದ. "ಹಕ್ಕಿಗಳ ಜೊತೆ ನಾನೇ ರಾಜಿ ಮಾಡ್ಕೋತೀನಿ. ಆದ್ರೆ ಅಮ್ಮ, ನೀನು ಯಾವಾಗಿಂದ ಹೀಗೆ ಓಡಾಡ್ತಿದ್ದೀಯ?"

"ಈಗಿಂದ" ಎಂದರು ಅತ್ತೆ. "ಆ ಮೊಬೈಲು ಕೆಳಗಿಳ್ಸು. ಹೋಗಿ ಪೊರಕೆ ತಗೊಂಡು ಬಾ. ಸೋತವರು ಸಿಪ್ಪೆ ಗುಡಿಸ್ಬೇಕು."

ಮೈದುನ ಪೊರಕೆಗೆ ಹೋದ. ವೆಲ್ಡಿಂಗಿನವನು ಕೆಮ್ಮುವ ನೆಪದಲ್ಲಿ ನಗುತ್ತ ಹೊರಟ. ಅತ್ತೆ ಸೊಸೆ ಇಬ್ಬರೇ ಉಳಿದರು.

"ಸಕ್ಕರೆ ಡಬ್ಬಿ ಮೊದ್ಲು ಒಲೆ ಪಕ್ಕ ಇತ್ತು" ಎಂದರು ಅತ್ತೆ, ಯಾರಿಗೋ ಹೇಳುವಂತೆ ಲೇತಿನ ಮೇಲಿನ ಪುಡಿ ಒರೆಸುತ್ತ. "ಆಮೇಲೆ ಕಿಟಕಿ ಹತ್ರ ಹೋಯ್ತು. ಆಮೇಲೆ ಬಾಗಿಲ ಹಿಂದಿನ ಕಪಾಟು. ಮೊನ್ನೆ ಮೊನ್ನೆ ನಡುಮನೆ ದಾಟಿ ಮುಂಬಾಗಿಲ ಹೊಸಿಲ ಹತ್ರ ಹೋಯ್ತು. ನಾನೇನು ಕುರುಡಿ ಅನ್ಕೊಂಡಿದ್ದೀಯೇನೇ?"

"ನಾನೇನು ಕಿವುಡಿನಾ ಅತ್ತೆ?"

ಇಬ್ಬರೂ ಒಟ್ಟಿಗೆ ನಕ್ಕರು. ಎಷ್ಟು ನಕ್ಕರೆಂದರೆ ಪೊರಕೆ ತಂದ ಮೈದುನ ಬಾಗಿಲಲ್ಲೇ ನಿಂತ.

"ನಿಮ್ಮ ಕೋಲು ಬಿಚ್ಚಿಕೊಡ್ಲಾ?" ಎಂದು ಕೇಳಿದಳು ಬುಗುರಿ ಕಣ್ಣೊರೆಸಿಕೊಂಡು.

ಅತ್ತೆ ಊರುಗೋಲನ್ನು ನೋಡಿದರು, ಅದರ ಮೂತಿಯ ಬಾತುಕೋಳಿಯನ್ನು ನೋಡಿದರು. "ಬೇಡ, ಬಿಗಿ ಕೂತಿದೆ, ಇರ್ಲಿ. ನಂಗಿಂತ ಅದಕ್ಕೇ ಹೆಚ್ಚು ಬೇಕು."

ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ ಬುಗುರಿ ಶೆಡ್ಡಿನಲ್ಲಿ ಸ್ಟೂಲಿನ ಕಾಲು ಕಡೆಯುತ್ತಿದ್ದಳು. ಗಡಿಗೆಯನ್ನು ಅವಳು ಅಡುಗೆಮನೆಗೆ ಒಯ್ದಿರಲಿಲ್ಲ. ಅಂಗಳದಾಚೆಯ ಆ ಶೆಡ್ಡಿನಲ್ಲೇ, ಲೇತಿನ ಹಿಂದಿನ ಹಲಗೆಯ ಮೇಲೆ, ನಾಲ್ಕು ಚಮಚ ಸಕ್ಕರೆ ಬಿಟ್ಟು ಇಟ್ಟಿದ್ದಳು. ಕೈ ಹೋಗದ ಬಾಯಿ. ಸಕ್ಕರೆ ಬೇಕೆಂದರೆ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಬೋರಲು ಹಾಕಬೇಕು, ಕೋಲು ಹಿಡಿದವರಿಗೆ ಅದು ಆಗುವ ಮಾತಲ್ಲ.

ಅಳತೆ ನೋಡಲು ಲೇತು ನಿಲ್ಲಿಸಿದಾಗ ಅಂಗಳದಲ್ಲಿ ಬರಿಗಾಲಿನ ಸಪ್ಪಳ ಹತ್ತಿರ ಬಂತು. ಹಲಗೆಯ ಮೇಲೆ ಮರ ಕದಲಿತು. ಸಕ್ಕರೆ ಸರ್ರನೆ ಅಂಗೈಗೆ ಸುರಿಯಿತು.

ಬುಗುರಿ ಹಿಂದೆ ತಿರುಗಲಿಲ್ಲ. ಗಂಟಲಲ್ಲೇ ನಕ್ಕು, ಲೇತನ್ನು ಮತ್ತೆ ಜೋರಾಗಿ ತಿರುಗಿಸಿದಳು.